ಅಳೆಯುವ ಕೊಳಗ ಯಾರ ಕೈಯಲ್ಲಿ?

ಭೂಮಿ, ಅನ್ನ, ಹವಾಮಾನ ಈ ಮೂರರಲ್ಲಿಯೂ ನ್ಯಾಯ ದೊರೆಯಬೇಕೆಂದು ಕೇಳುವ ಸಭೆಗಳು ಇತ್ತೀಚಿನ ವರ್ಷಗಳಲ್ಲಿ ದೇಶದ ದೊಡ್ಡ ಪಟ್ಟಣಗಳಲ್ಲಿ ಆಗಾಗ ಕೂಡುತ್ತಿವೆ. ರೈತರು, ಮೀನುಗಾರರು, ಕೂಲಿಕಾರರು, ವಿದ್ಯಾರ್ಥಿಗಳು ಅಲ್ಲಿ ಒಂದೆಡೆ ಕುಳಿತು ಸುಖದುಃಖಗಳನ್ನು ಹೇಳಿಕೊಳ್ಳುತ್ತಾರೆ. ಆದರೆ ಹೊರನಾಡಿನಲ್ಲಿ ನೆಲೆಸಿದ ನಮ್ಮವರು, ಅದರಲ್ಲಿಯೂ ಹೊಟೇಲುಗಳಲ್ಲಿ ಮತ್ತು ಕಚೇರಿಗಳಲ್ಲಿ ದುಡಿಯುವ ಬಾಂಧವರು, ಅತ್ತ ಸುಳಿಯುವುದು ವಿರಳ. ನಾಟಕಕ್ಕೆ, ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ ಕಿಕ್ಕಿರಿದು ಸೇರುವವರು ಇದಕ್ಕೇಕೆ ಬರುವುದಿಲ್ಲವೆಂದು ಕೇಳಿದರೆ ಸಿದ್ಧವಾದ ಉತ್ತರವೊಂದುಂಟು: "ನಾವು ಉಳುವವರಲ್ಲ, ಬಿತ್ತುವವರಲ್ಲ, ತಿಂಗಳ ಪಗಾರದವರು. ನಮಗೂ ಅದಕ್ಕೂ ಏನು ಸಂಬಂಧ?" ಈ ಉತ್ತರವನ್ನು ನಾವು ಒಪ್ಪಲಾರೆವು.

ಮೊದಲು ಭೂಮಿಯ ಮಾತು. ತುಳುನಾಡಿನ ಹುಡುಗ ಹತ್ತು ಹನ್ನೆರಡರ ಪ್ರಾಯದಲ್ಲಿ ಮುಂಬಯಿಗೆ ಬಂದು ಲೋಟ ತೊಳೆಯಲು ನಿಂತದ್ದೇಕೆ? ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು; ಗದ್ದೆಯ ಬೆಳೆಯಲ್ಲಿ ಧಣಿಗೆ ಗೇಣಿ ಅಳೆದ ಮೇಲೆ ಉಳಿಯುವುದು ಕಡಿಮೆ. ಎಷ್ಟೋ ಮನೆಗಳ ಕಥೆ ಇದೇ. ಘಟ್ಟದ ಮೇಲೂ ಸ್ಥಿತಿ ಬೇರೆಯಾಗಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಭೂಮಾಲಿಕರು ಗೇಣಿಯ ಭತ್ತವನ್ನು ಅಳೆದುಕೊಳ್ಳುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದು ಅವರ ಮುಖ್ಯ ದೂರಾಗಿತ್ತು. ಗಣಪತಿಯಪ್ಪನವರು ಆ ಚಳವಳಿಯ ಮುಂದಾಳು. ರಾಮಮನೋಹರ ಲೋಹಿಯಾರವರು ಬಂದು ಅಲ್ಲಿ ದಸ್ತಗಿರಿಯಾದರು. ನ್ಯಾಯವೆಂಬ ದೊಡ್ಡ ಶಬ್ದ ಅಂದು ಒಂದು ಮರದ ಅಳತೆಯ ಪಾತ್ರೆಯಲ್ಲಿ ಅಡಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಕೊಳಗ ಯಾರ ಕೈಯಲ್ಲಿದೆಯೋ ಅನ್ನ ಅವರ ಕೈಯಲ್ಲಿ.

ಆ ಬೇಡಿಕೆ ಕಾನೂನಾಗಿ ನೆಲೆಗೊಳ್ಳಲು ಎರಡು ದಶಕಗಳು ಹಿಡಿದವು. ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರಕಾರಕ್ಕೆ ಸೇರಿದವು. ಉಳುವವನು ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಿದರೆ ಒಡೆಯನಾದನು. ಕರಾವಳಿಯ ಎಷ್ಟೋ ಒಕ್ಕಲು ಮನೆಗಳು ಆಗಲೇ ತಲೆಯೆತ್ತಿದವು. ಆದರೆ ಗೇಣಿಯ ಹಕ್ಕೂ ಇಲ್ಲದೆ ಬರಿಯ ಕೂಲಿಗೆ ದುಡಿದವರಿಗೆ ದೊರೆತದ್ದು ಅಲ್ಪವೆಂಬುದನ್ನು ಮರೆಯಲಾಗದು.

ಹೀಗೆ ಪಡೆದ ನೆಲದ ಗತಿ ಇಂದೇನು? ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕೊಡುತ್ತಿದ್ದ ಬೈಲುಗದ್ದೆಗಳಲ್ಲಿ ಹಲವು ಹಡಿಲು ಬಿದ್ದಿವೆ. ಆಳು ಸಿಗುವುದಿಲ್ಲ, ಸಿಕ್ಕಿದರೆ ಕೂಲಿಗೆ ಬೆಳೆಯ ಬೆಲೆ ಸಾಲದು, ಮಕ್ಕಳು ಮುಂಬಯಿ, ಪುಣೆಗಳಲ್ಲಿ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ನಿರ್ಬಂಧಗಳನ್ನು ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ತೆಗೆದುಹಾಕಲಾಯಿತು. ಮಾರುವವನಿಗೆ ಒಳ್ಳೆಯ ಬೆಲೆ ಬಂದೀತೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಸಾಲದಲ್ಲಿ ಮುಳುಗಿದವನಿಗೆ ಆ ಬೆಲೆಯೂ ಆಸರೆಯೇ. ಆದರೆ ಅಜ್ಜ ನ್ಯಾಯಮಂಡಳಿಯ ಬಾಗಿಲು ಕಾಯ್ದು ಪಡೆದ ಎರಡೆಕರೆಯನ್ನು ಮೊಮ್ಮಗನು ಊರಿಗೆ ಹೋಗದೆ ಒಂದು ರುಜುವಿನಿಂದ ಕೈಬಿಟ್ಟರೆ, ಅದನ್ನು ಮರಳಿ ಪಡೆಯುವ ಕಾನೂನು ಇನ್ನೊಮ್ಮೆ ಬರುವುದೆಂದು ಯಾರೂ ಭರವಸೆ ಕೊಡಲಾರರು.

ಇನ್ನು ಅನ್ನದ ವಿಷಯ. ಹೊಟೇಲಿನವನಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. 2022ರ ಮಾರ್ಚ್ ತಿಂಗಳು ಭಾರತದಲ್ಲಿ 122 ವರ್ಷಗಳಲ್ಲಿಯೇ ಅತ್ಯಂತ ಬಿಸಿಯಾದ ಮಾರ್ಚ್ ಆಯಿತು. ಕಾಳು ಕಟ್ಟುವ ಹೊತ್ತಿನಲ್ಲಿ ಗೋಧಿ ಬಾಡಿತು. ಮೇ 13ರಂದು ಕೇಂದ್ರ ಸರಕಾರ ಗೋಧಿಯ ರಫ್ತನ್ನು ನಿಷೇಧಿಸಿತು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿಯನ್ನು ದಾಟಿದಾಗ ಸಾರಿನ ಬಣ್ಣ ತಿಳಿಯಾದುದನ್ನು ಗಿರಾಕಿಗಳೆಲ್ಲ ಕಂಡರು. ಸೆಪ್ಟೆಂಬರಿನಲ್ಲಿ ಅದೇ ಟೊಮೆಟೊದ ಬೆಲೆ ಕುಸಿದುಬಿದ್ದಾಗ ಬೆಳೆದವನ ಮುಖದ ಬಣ್ಣ ಬದಲಾದುದನ್ನು ಎಷ್ಟು ಮಂದಿ ಕಂಡೆವು? ಬೆಲೆ ಏರಿದರೆ ಮಾಣಿ ಗಿರಾಕಿಯ ಬೈಗುಳ ತಿನ್ನುತ್ತಾನೆ. ಇಳಿದರೆ ರೈತ ಸಾಲ ತಿನ್ನುತ್ತಾನೆ. ಇಬ್ಬರಿಗೂ ಕೊಳಗ ಹಿಡಿದವನ ಪರಿಚಯವಿಲ್ಲ.

ಮೂರನೆಯದು ಹವಾಮಾನ. ಇದು ಪಂಡಿತರ ವಿಷಯವೆಂದು ನಮ್ಮವರು ಬದಿಗಿಡುತ್ತಾರೆ. ಆದರೆ ಗಾಳಿಯಾಡದ ಅಡಿಗೆಕೋಣೆಯಲ್ಲಿ ದೋಸೆಕಲ್ಲಿನ ಮುಂದೆ ಮೇ ತಿಂಗಳ ಮಧ್ಯಾಹ್ನ ನಿಂತವನಿಗಿಂತ ಹೆಚ್ಚಿನ ಪಂಡಿತ ಯಾರು? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಸೊಂಟದವರೆಗಿನ ನೀರಿನಲ್ಲಿ ಮನೆಗೆ ನಡೆದ ಗುಮಾಸ್ತರು ನಮ್ಮ ವಾಚಕರಲ್ಲಿಯೇ ಇದ್ದಾರೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಬರ ಬಂದಾಗ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಸಂಸಾರ ಸಮೇತ ಮುಂಬಯಿ, ಪುಣೆಗಳಿಗೆ ಬಂದು ಕಟ್ಟಡದ ಕೆಲಸಕ್ಕೆ ನಿಲ್ಲುವವರೂ ಕನ್ನಡಿಗರೇ. ಅವರು ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಕಾಣದಿರುವುದು ನಮಗೆ ಶೋಭೆಯಲ್ಲ.

ಇಲ್ಲಿಯೂ ಕೊಳಗದ್ದೇ ಪ್ರಶ್ನೆ. ಗಾಳಿಗೆ ಸೇರುವ ಇಂಗಾಲದ ಅನಿಲವನ್ನು ತಲೆಗೆ ಹಂಚಿ ನೋಡಿದರೆ ವರ್ಷಕ್ಕೆ ಅಮೆರಿಕದವನ ಪಾಲು ಸುಮಾರು 14 ಟನ್, ಭಾರತೀಯನ ಪಾಲು ಸುಮಾರು 2 ಟನ್. ಶಾಖ ಏರಿಸಿದವರೊಬ್ಬರು, ಬೇಯುವವರು ಇನ್ನೊಬ್ಬರು. ಈ ಅನ್ಯಾಯವನ್ನು ಮುಂದಿಟ್ಟುಕೊಂಡು ಬಡ ದೇಶಗಳು ಬಹುಕಾಲ ವಾದಿಸಿದ ಮೇಲೆ 2022ರಲ್ಲಿ ಈಜಿಪ್ತಿನ ಶರ್ಮ್ ಎಲ್ ಶೇಖ್ ಸಮ್ಮೇಳನವು ನಷ್ಟಪರಿಹಾರದ ನಿಧಿಯೊಂದಕ್ಕೆ ಒಪ್ಪಿತು. ದೇಶ ದೇಶಗಳ ನಡುವೆ ಕೇಳುವ ನ್ಯಾಯವನ್ನು ದೇಶದೊಳಗೂ ಕೇಳಬೇಕಾಗುತ್ತದೆ. ತಂಪು ಯಂತ್ರದ ಕೆಳಗೆ ಕುಳಿತು ಉಣ್ಣುವವನ ಪಾಲೂ ಒಲೆಯ ಮುಂದೆ ನಿಂತವನ ಪಾಲೂ ಒಂದೇ ಎನ್ನಲಾದೀತೇ?

"ಸಭೆಗೆ ಹೋದರೆ ಹೊಟ್ಟೆ ತುಂಬೀತೇ?" ಎಂದು ಕೆಲವರು ಕೇಳುವರು. ಬರಿಯ ಭಾಷಣದಿಂದ ತುಂಬದು, ನಿಜ. ಆದರೆ ತಿಳುವಳಿಕೆಯಿಂದ ತುಂಬುವುದುಂಟು. ಒಂದೇ ಉದಾಹರಣೆ ಸಾಕು. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತೆಯ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ. ಊರಿನ ಕಾರ್ಡಿನ ಮೇಲೆ ಬೇರೆ ರಾಜ್ಯದ ರೇಷನ್ ಅಂಗಡಿಯಲ್ಲಿಯೂ ಅದನ್ನು ಪಡೆಯುವ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಇಲ್ಲಿರುವವನು ತನ್ನ ಪಾಲನ್ನು ಇಲ್ಲಿ, ಮನೆಯವರು ತಮ್ಮ ಪಾಲನ್ನು ಊರಲ್ಲಿ ತೆಗೆದುಕೊಳ್ಳಬಹುದು. ಇದನ್ನು ತಿಳಿಯದ ಎಷ್ಟು ಮಂದಿ ಪೇಟೆಯ ಬೆಲೆಗೆ ಅಕ್ಕಿ ಕೊಳ್ಳುತ್ತಿರಬಹುದು!

ನಮ್ಮ ಸಂಘಸಂಸ್ಥೆಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಭಾನುವಾರ ಸಂಜೆ ಗುಮಾಸ್ತನಿಗೆ ಬಿಡುವು. ಹೊಟೇಲಿನವನಿಗೆ ಅದೇ ಗಿರಾಕಿಗಳ ನೂಕುನುಗ್ಗಲು. ಊಟದ ಹೊತ್ತು ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮುನ್ನ, ಮಧ್ಯಾಹ್ನ ಮೂರು ಗಂಟೆಗೆ ಸಭೆ ಕರೆದರೆ ಇಬ್ಬರೂ ಬಂದಾರು. ಭಾಷಣಗಳನ್ನು ಮೊಟಕುಗೊಳಿಸಿ, ಓದುಬರಹ ಬಲ್ಲ ಗುಮಾಸ್ತರು ನಾಲ್ಕು ಮೇಜುಗಳಲ್ಲಿ ಕುಳಿತು ಬಂದವರ ರೇಷನ್ ಕಾರ್ಡು, ಊರಿನ ಪಹಣಿ ಇವುಗಳನ್ನು ನೋಡಿಕೊಡಲಿ. ಪಹಣಿಯಲ್ಲಿ ತಂದೆಯ ಹೆಸರೇ ಉಳಿದಿದೆಯೋ, ಅಕ್ಕತಂಗಿಯರ ಹೆಸರು ಬಿಟ್ಟುಹೋಗಿದೆಯೋ ಎಂಬುದನ್ನು ಇಂದು ಇಲ್ಲಿಂದಲೇ ಕಾಣಬಹುದಾಗಿದೆ. ಅಡಿಗೆಕೋಣೆಗೆ ಹೊಗೆಗಂಡಿ, ಪಂಖ, ಕುಡಿಯುವ ನೀರು, ಬೇಸಗೆಯಲ್ಲಿ ಸರದಿಯ ವಿಶ್ರಾಂತಿ ಇವು ಬೇಕೆಂಬ ಠರಾವನ್ನು ಮಾಲಿಕರ ಸಮಕ್ಷಮದಲ್ಲಿಯೇ ಮಾಡಲಿ. ಲೋಟ ತೊಳೆದೇ ಮೇಲೆ ಬಂದ ಮಾಲಿಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಒಲೆಯ ಬಿಸಿ ಅವರಿಗೂ ಗೊತ್ತು. ಕಟ್ಟಡದ ಕೆಲಸದ ಬಾಂಧವರನ್ನು ಅವರಿರುವಲ್ಲಿಗೇ ಹೋಗಿ ಕರೆತರಲಿ.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ಓದುಬರಹ ಬಲ್ಲವರಾಗಿರಲಿಲ್ಲ. ಕೊಳಗ ದೊಡ್ಡದೆಂದು ಒಬ್ಬೊಬ್ಬರಿಗೂ ತಿಳಿದಿತ್ತು. ಒಟ್ಟಿಗೆ ಕೂಡಿ ಹೇಳಿದ ದಿನ ಅದು ನಾಡಿನ ಪ್ರಶ್ನೆಯಾಯಿತು. ಮುಂದಿನ ಸಭೆಯ ಕರೆ ಬಂದಾಗ ನಮ್ಮ ವಾಚಕರು ಇದನ್ನು ನೆನೆದು, ಒಂದು ಗಂಟೆಯ ಬಿಡುವು ಮಾಡಿಕೊಂಡು, ಪಕ್ಕದವನನ್ನೂ ಕರೆದುಕೊಂಡು ಹೋಗಬೇಕೆಂದು ನಾವು ಕೇಳಿಕೊಳ್ಳುತ್ತೇವೆ.