ಕಾರ್ಮಿಕ ನ್ಯಾಯವಾದಿಯ ವೃತ್ತಿ

ವಕೀಲರೆಂದೊಡನೆ ಜನಸಾಮಾನ್ಯರ ಕಣ್ಣ ಮುಂದೆ ನಿಲ್ಲುವುದು ಕರಿಯ ಕೋಟು, ತುಂಬಿದ ನ್ಯಾಯಾಲಯ ಮತ್ತು ಬಿರುಸಿನ ವಾದ. ಆದರೆ ನ್ಯಾಯಾಲಯದ ಮೆಟ್ಟಿಲನ್ನು ಅಪರೂಪಕ್ಕೊಮ್ಮೆ ಹತ್ತಿಯೂ ಸಾವಿರಾರು ಸಂಸಾರಗಳ ಅನ್ನದ ಪ್ರಶ್ನೆಯನ್ನು ದಿನನಿತ್ಯವೂ ನಿರ್ವಹಿಸುವ ವಕೀಲರು ಉಂಟು. ನೇಮಕ, ವೇತನ, ರಜೆ, ಬಡ್ತಿ, ಶಿಸ್ತು, ವಜಾ, ನಿವೃತ್ತಿ ಇವೇ ಅವರ ಕಾರ್ಯಕ್ಷೇತ್ರ. ದೊಡ್ಡ ನ್ಯಾಯವಾದಿ ಸಂಸ್ಥೆಗಳಲ್ಲಿ ಇಂತಹ ವೃತ್ತಿಯನ್ನು ಅರಸುವ ತರುಣ ತರುಣಿಯರ ಸಂಖ್ಯೆ ಇಂದು ಸಣ್ಣದಲ್ಲ. ಆದುದರಿಂದ ಈ ವೃತ್ತಿಯ ಹಿರಿಮೆಯೇನು, ಅದರ ಹೊಣೆಯೇನು ಎಂಬುದನ್ನು ವಿಚಾರಿಸುವುದು ಉಚಿತ.

ಕಾರ್ಮಿಕ ಕಾನೂನು ಹುಟ್ಟಿದುದು ಅಸಮಾನತೆಯ ಅರಿವಿನಿಂದ. ಮಾಲೀಕನಿಗೆ ಒಬ್ಬ ಕೆಲಸಗಾರ ಹೋದರೆ ಮತ್ತೊಬ್ಬನು ದೊರೆಯುತ್ತಾನೆ. ಕೆಲಸಗಾರನಿಗಾದರೋ ಕೆಲಸ ಹೋದರೆ ಒಲೆಯೇ ಆರುತ್ತದೆ. ಇಂತಹ ಇಬ್ಬರ ನಡುವಣ ಒಪ್ಪಂದವನ್ನು ಸಮಾನರ ಒಪ್ಪಂದವೆಂದು ಕರೆಯಲಾಗದು. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ನಾಯಕರಾದ ಗಾಂಧೀಜಿಯವರು ಸ್ವತಃ ಬ್ಯಾರಿಸ್ಟರರಾಗಿದ್ದರೂ ನ್ಯಾಯಾಲಯದ ಹಾದಿ ಹಿಡಿಯದೆ ಪಂಚರ ತೀರ್ಮಾನದ ಹಾದಿಯನ್ನು ಹಿಡಿದರು. ಕಾರ್ಮಿಕರು ಕೇಳಿದ ಶೇಕಡ 35ರ ವೇತನ ಹೆಚ್ಚಳವನ್ನು ಪಂಚರು ಕೊನೆಗೆ ಎತ್ತಿಹಿಡಿದರು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಂತೂ ವಕೀಲರನ್ನು ಬಾಗಿಲಲ್ಲಿಯೇ ತಡೆಯಿತು. ರಾಜಿ ಸಂಧಾನದಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ವಾದಿಸಬೇಕಾದರೆ ಎದುರು ಪಕ್ಷದ ಸಮ್ಮತಿಯೂ ನ್ಯಾಯಾಲಯದ ಅನುಮತಿಯೂ ಬೇಕಿದ್ದವು. ಹಣವುಳ್ಳವರು ಪ್ರಬಲ ವಕೀಲರನ್ನು ನಿಲ್ಲಿಸಿ ಬಡವರನ್ನು ದಣಿಸಬಾರದೆಂಬುದೇ ಇದರ ಆಶಯ. ಈ ಅಪನಂಬಿಕೆ ಏಕೆ ಹುಟ್ಟಿತೆಂಬುದನ್ನು ಅರಿತವರೇ ಈ ವೃತ್ತಿಗೆ ಅರ್ಹರು.

ಭಾರತದಲ್ಲಿ ನ್ಯಾಯವಾದಿ ಸಂಸ್ಥೆಗಳು ಬೃಹದಾಕಾರ ತಾಳಿದುದು ಈಚಿನ ಸಂಗತಿ. 1956ರ ಕಂಪನಿ ಕಾಯಿದೆಯ ಪ್ರಕಾರ ಪಾಲುದಾರಿಕೆಯೊಂದರಲ್ಲಿ 20ಕ್ಕಿಂತ ಹೆಚ್ಚು ಪಾಲುದಾರರಿರಲು ಅವಕಾಶವಿರಲಿಲ್ಲ. 2008ರಲ್ಲಿ ಬಂದ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಕಾಯಿದೆಯು ಈ ಮಿತಿಯಿಲ್ಲದ ಹೊಸ ಮಾರ್ಗವೊಂದನ್ನು ತೆರೆಯಿತು. ಕಾನೂನು ಪದವಿ ಪಡೆದು, ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಇಂತಹ ಸಂಸ್ಥೆಯನ್ನು ಸೇರಿದ ಕಿರಿಯರಿಗೆ ಮೊದಲ ವರ್ಷಗಳಲ್ಲಿ ದೊರೆಯುವುದು ನೇಮಕಾತಿ ಪತ್ರಗಳ ಕರಡು, ಸೇವಾ ನಿಯಮಗಳ ಪರಿಶೀಲನೆ, ಹಳೆಯ ತೀರ್ಪುಗಳ ಶೋಧನೆ. 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳದ ದೂರುಗಳನ್ನು ಆಲಿಸುವ ಸಮಿತಿಯ ರಚನೆಗೆ ಸಲಹೆ ನೀಡುವುದೂ ಈ ಕೆಲಸದಲ್ಲಿ ಸೇರಿದೆ. ಇಲ್ಲಿ ಒಂದು ವಿಚಿತ್ರವುಂಟು. ಪೂರ್ಣಾವಧಿಯ ಸಂಬಳದ ನೌಕರಿಯನ್ನು ವಕೀಲರ ಪರಿಷತ್ತಿನ ನಿಯಮವು ನಿಷೇಧಿಸಿರುವುದರಿಂದ ಈ ಕಿರಿಯರು ಸಾಮಾನ್ಯವಾಗಿ ಸಂಭಾವನೆಯ ಮೇಲೆಯೇ ದುಡಿಯುತ್ತಾರೆ. ಅನ್ಯರ ದುಡಿಮೆಯ ಅವಧಿಯನ್ನು ಲೆಕ್ಕ ಹಾಕುತ್ತ ನಡುರಾತ್ರಿಯವರೆಗೆ ಕುಳಿತವರಿಗೆ ಹೆಚ್ಚುವರಿ ದುಡಿಮೆಯ ಭತ್ಯೆಯಿಲ್ಲ! ದಣಿವೆಂದರೇನೆಂಬುದನ್ನು ಹೀಗೆ ತಾವೇ ಉಂಡು ಅರಿತವರು ಕಾರ್ಮಿಕನ ದಣಿವನ್ನು ಮರೆಯಬಾರದು.

ದೊಡ್ಡ ಸಂಸ್ಥೆಗಳ ಕಕ್ಷಿದಾರರು ಬಹುಮಟ್ಟಿಗೆ ಮಾಲೀಕರೇ. ಹಾಗಾದರೆ ಈ ವೃತ್ತಿಯು ಬಲವಂತನ ಕೈಗೆ ಮತ್ತೊಂದು ದೊಣ್ಣೆಯನ್ನು ಕೊಟ್ಟಂತಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಾಲೀಕನಿಗೆ ಸಲಹೆ ನೀಡುವುದು ಬೇರೆ, ಮಾಲೀಕನ ಕೋಪಕ್ಕೆ ಕಾನೂನಿನ ವೇಷ ತೊಡಿಸುವುದು ಬೇರೆ. ಹನ್ನೆರಡು ವರ್ಷ ದುಡಿದ ಕಾರ್ಮಿಕನೊಬ್ಬನು ಮೇಲ್ವಿಚಾರಕನಿಗೆ ಎದುರಾಡಿದನೆಂದು ಅವನನ್ನು ಆ ದಿನವೇ ಹೊರದೂಡಲು ಕಾರ್ಖಾನೆಯು ಬಯಸುತ್ತದೆಂದು ಭಾವಿಸೋಣ. ನಿಜವಾದ ನ್ಯಾಯವಾದಿಯು, "ಆರೋಪವನ್ನು ಬರಹದಲ್ಲಿ ತಿಳಿಸಿರಿ, ಅವನ ಸಮಾಧಾನವನ್ನು ಕೇಳಿರಿ, ಸಾಕ್ಷಿಗಳನ್ನು ಪ್ರಶ್ನಿಸಲು ಅವನಿಗೆ ಅವಕಾಶ ಕೊಡಿರಿ, ತಪ್ಪಿಗೆ ತಕ್ಕಷ್ಟೇ ಶಿಕ್ಷೆ ವಿಧಿಸಿರಿ" ಎಂದು ಹೇಳುತ್ತಾರೆ. ಅತಿಯಾದ ಶಿಕ್ಷೆಯನ್ನು ತಗ್ಗಿಸುವ ಅಧಿಕಾರವು 1971ರ ತಿದ್ದುಪಡಿಯಿಂದಲೇ ಕಾರ್ಮಿಕ ನ್ಯಾಯಾಲಯಗಳಿಗೆ ಬಂದಿತೆಂಬುದನ್ನೂ ನೆನಪಿಸುತ್ತಾರೆ. ಈ ಮಾತು ಕಕ್ಷಿದಾರನಿಗೆ ಕಹಿಯಾದೀತು. ಆದರೆ ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳದವರಾರು? ಹುಟ್ಟುವ ಮೊದಲೇ ನಿಂತುಹೋದ ವ್ಯಾಜ್ಯದಿಂದ ಕಾರ್ಮಿಕನ ಅನ್ನವೂ ಉಳಿಯುತ್ತದೆ, ಮಾಲೀಕನ ಹಣವೂ ಉಳಿಯುತ್ತದೆ.

ಈ ವೃತ್ತಿಗೆ ಅಧ್ಯಯನವು ಎಂದೂ ಮುಗಿಯದು. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 'ಕೈಗಾರಿಕೆ' ಎಂಬ ಒಂದೇ ಪದಕ್ಕೆ ವಿಶಾಲವಾದ ಅರ್ಥವನ್ನು ನೀಡಿ, ಆಸ್ಪತ್ರೆ ಮತ್ತು ವಿದ್ಯಾಸಂಸ್ಥೆಗಳನ್ನೂ ಅದರೊಳಗೆ ತಂದಿತು. ಕೇಂದ್ರದ 29 ಕಾರ್ಮಿಕ ಕಾಯಿದೆಗಳನ್ನು ಅಡಕಗೊಳಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಮೊಬೈಲಿನ ಆದೇಶದಂತೆ ಮನೆಮನೆಗೆ ಊಟ ಮುಟ್ಟಿಸುವವರಂತಹ ದುಡಿಮೆಗಾರರ ಸಾಮಾಜಿಕ ಭದ್ರತೆಗೆಂದು ಕರ್ನಾಟಕವೂ 2025ರಲ್ಲಿ ಕಾಯಿದೆಯೊಂದನ್ನು ಮಾಡಿತು. ಪುಸ್ತಕದ ಜ್ಞಾನದೊಡನೆ ಕಾರ್ಮಿಕನ ಭಾಷೆಯೂ ಬೇಕು. ಕಾರ್ಖಾನೆಯ ಸ್ಥಾಯೀ ಆದೇಶಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು 1946ರ ಕಾಯಿದೆ ವಿಧಿಸಿದ್ದಿತು. ಪೀಣ್ಯದ ಕೆಲಸಗಾರನಿಗೆ ಅವನ ಹಕ್ಕನ್ನು ಕನ್ನಡದಲ್ಲಿ ತಿಳಿಸಲಾರದ ಪಾಂಡಿತ್ಯವು ಅರ್ಧ ಪಾಂಡಿತ್ಯವೇ ಸರಿ.

ಮತ್ತೊಂದು ಕರ್ತವ್ಯವೂ ಉಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಉಚಿತ ನೆರವಿಗೆ ಅರ್ಹರಾದವರ ಸಾಲಿನಲ್ಲಿ ಕೈಗಾರಿಕಾ ಕಾರ್ಮಿಕರನ್ನೂ ಸೇರಿಸಿದೆ. ಆದರೆ ನೆರವು ಬರಹದಲ್ಲಿದ್ದರೆ ಸಾಲದು. ಅದನ್ನು ನೀಡುವ ನುರಿತ ಕೈಗಳು ಬೇಕು. ದೊಡ್ಡ ಸಂಸ್ಥೆಯಲ್ಲಿ ಪಳಗಿದವರು ವರ್ಷದಲ್ಲಿ ಕೆಲವು ದಿನಗಳನ್ನು ಈ ಸೇವೆಗೆ ಮೀಸಲಿಟ್ಟರೆ, ಅವರ ವಿದ್ಯೆಯ ತಕ್ಕಡಿ ಒಂದೇ ಕಡೆಗೆ ವಾಲುವುದು ತಪ್ಪೀತು. ತಮ್ಮ ಕಕ್ಷಿಗೆ ಮುಳ್ಳಾಗದ ಪ್ರಕರಣಗಳನ್ನು ಆರಿಸಿಕೊಳ್ಳುವುದು ಕಷ್ಟವೇನಲ್ಲ.

ಪಾಲುದಾರರ ಪಟ್ಟ, ಎತ್ತರದ ಕಟ್ಟಡದ ಕೊಠಡಿ, ಕೈತುಂಬ ಹಣ ಇವು ಪರಿಶ್ರಮದ ಫಲಗಳು; ಅವನ್ನು ಬಯಸುವುದು ದೋಷವಲ್ಲ. ಆದರೆ ತಾನು ಬರೆದ ಒಂದು ವಾಕ್ಯದ ಮೇಲೆ ಎಂದೂ ಕಾಣದ ಮನೆಯೊಂದರ ಊಟ ನಿಂತಿದೆಯೆಂಬ ಎಚ್ಚರವಿಲ್ಲದವರು ಎಷ್ಟು ಎತ್ತರಕ್ಕೇರಿದರೂ ಒಳ್ಳೆಯ ಕಾರ್ಮಿಕ ನ್ಯಾಯವಾದಿ ಎನಿಸಿಕೊಳ್ಳಲಾರರು.