ಆ ದೊಡ್ಡ ದೋಣಿ ಹತ್ತಬೇಡಿ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಅಮೆರಿಕದ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕ್ಯಾನ್‌ಕೂನ್, ಕೊಝುಮೆಲ್ ಹೆಸರುಗಳು ಓಡಾಡತೊಡಗುತ್ತವೆ. ಧಾರಾಳವಾಗಿ ಹೋಗಿ ಬನ್ನಿ. ಆದರೆ ಕೊಝುಮೆಲ್‌ನ ಹವಳ ತೋರಿಸುತ್ತೇವೆಂದು ಎಪ್ಪತ್ತು ಎಂಬತ್ತು ಜನರನ್ನು ತುಂಬಿಕೊಂಡು ಹೊರಡುವ ಕೆಟಮರಾನ್ ದೋಣಿಗೆ ದುಡ್ಡು ಕಟ್ಟುವ ಮೊದಲು ನನ್ನ ಈ ಮಾತು ಕೇಳಿಸಿಕೊಳ್ಳಿ.

ಮೆಕ್ಸಿಕೋದ ಯುಕಟಾನ್ ಕರಾವಳಿಯ ಎದುರಿಗಿರುವ ಕೊಝುಮೆಲ್ ದ್ವೀಪದಲ್ಲಿ ಒಂದು ಲಕ್ಷ ಜನರೂ ಇಲ್ಲ. ಕ್ರೂಸ್ ಹಡಗುಗಳಿಂದ ಇಳಿಯುವವರೋ, ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು. ಇರುವ ಹಡಗುಕಟ್ಟೆಗಳು ಸಾಲುವುದಿಲ್ಲವೆಂದು ನಾಲ್ಕನೆಯದನ್ನು ಕಟ್ಟಲು ಹೊರಟಾಗ ದ್ವೀಪದವರೇ ಅಡ್ಡ ನಿಂತರು. ಇಲ್ಲಿನ ಹವಳದ ದಿಬ್ಬಗಳು 1996ರಿಂದ ರಾಷ್ಟ್ರೀಯ ಉದ್ಯಾನ. ಕಾಗದದ ಮೇಲೆ ರಕ್ಷಣೆಗೇನೂ ಕೊರತೆಯಿಲ್ಲ.

ನೀರಿನಲ್ಲಿ ನಡೆಯುವುದೇ ಬೇರೆ. ದೊಡ್ಡ ದೋಣಿಯಲ್ಲಿ ಸಂಗೀತ ಕಿವಿ ಕಿತ್ತುಹೋಗುವಷ್ಟು ಜೋರು, ಬಾರ್ ಬೆಳಿಗ್ಗೆಯೇ ತೆರೆದಿರುತ್ತದೆ. ಹವಳ ಮುಟ್ಟಬೇಡಿ ಎಂದು ಮೈಕಿನಲ್ಲಿ ಒಮ್ಮೆ ಹೇಳಿದ್ದು ಗಾಳಿಗೆ ಹೋಯಿತು. ಮುಖಕ್ಕೆ ಮಾಸ್ಕ್, ಕಾಲಿಗೆ ಫಿನ್ ಹಾಕಿಕೊಂಡು ಎಲ್ಲರೂ ಒಟ್ಟಿಗೇ ನೀರಿಗಿಳಿಯುತ್ತಾರೆ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಈಜು ಬಾರದು, ಲೈಫ್ ಜಾಕೆಟ್ಟೇ ಗತಿ. ಮಾಸ್ಕಿನೊಳಗೆ ಒಂದು ಗುಟುಕು ನೀರು ನುಗ್ಗಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ, ನೀರಿನ ಮೇಲೆ ಬೋರಲು ಮಲಗಿದ್ದ ಮೈ ನೆಟ್ಟಗಾಗುತ್ತದೆ, ಕಾಲು ತಾನಾಗಿ ಆಸರೆ ಹುಡುಕುತ್ತದೆ. ಆಳ ಕಡಿಮೆಯಿರುವ ಕಡೆ ಆ ಆಸರೆ ಹವಳವೇ. ನೋಡಲು ಬಂಡೆಯಂತಿದ್ದರೂ ಅದರ ಮೇಲಿರುವುದು ಜೀವಂತ ತೆಳು ಪದರ; ಫಿನ್ನಿನ ಅಂಚು ತಾಗಿದರೂ ಹರಿಯುತ್ತದೆ, ಹರಿದಲ್ಲಿ ಪಾಚಿ ಕೂರುತ್ತದೆ. ಕೆರಿಬಿಯನ್ನಿನ ಎಲ್ಕ್‌ಹಾರ್ನ್ ಹವಳ ಸಾರಂಗದ ಕೊಂಬಿನಂತೆ ಕವಲೊಡೆದು ಆಳವಿಲ್ಲದ ನೀರಿನಲ್ಲೇ ಬೆಳೆಯುವಂಥದ್ದು, ವರ್ಷಕ್ಕೆ ಐದರಿಂದ ಹತ್ತು ಸೆಂಟಿಮೀಟರ್. ಗುಂಡನೆಯ ಮಿದುಳು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ಬೆಳೆಯದು. ಅದರ ಮೇಲೆ ಅರ್ಧ ನಿಮಿಷ ನಿಂತು ಮಾಸ್ಕ್ ಸರಿಮಾಡಿಕೊಂಡವರಿಗೆ ತಾವೇನು ಮಾಡಿದೆವೆಂದು ತಿಳಿಯುವುದೇ ಇಲ್ಲ.

ಸೇಂಟ್ ಲೂಸಿಯಾ ದ್ವೀಪದಲ್ಲಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದು ಸ್ಕೂಬಾ ಮುಳುಗುಗಾರರ ಬಗ್ಗೆ, ಅಂದರೆ ತರಬೇತಿ ಪಡೆದವರ ಬಗ್ಗೆ. ಅವರಲ್ಲೇ ನಾಲ್ವರಿಗೆ ಸುಮಾರು ಮೂವರು ಒಂದು ಮುಳುಗಿನಲ್ಲಿ ಒಮ್ಮೆಯಾದರೂ ದಿಬ್ಬಕ್ಕೆ ತಾಗಿದ್ದರು. ಮುಳುಗುವ ಮೊದಲು ಹೇಳಿದ ಬುದ್ಧಿಮಾತಿನಿಂದ ಏನೂ ಉಪಯೋಗವಾಗಿರಲಿಲ್ಲ. ನೀರಿನೊಳಗೇ ಗೈಡ್ ಕಂಡು ತಡೆದಾಗ ಮಾತ್ರ ತಾಗುವುದು ಕಡಿಮೆಯಾಯಿತು. ನನ್ನ ವಾದವೆಲ್ಲ ಇಷ್ಟರಲ್ಲೇ ಇದೆ. ಗೈಡ್‌ಗಿರುವುದು ಎರಡು ಕಣ್ಣು. ಆರೆಂಟು ಜನರನ್ನು ಅವನು ಕಾಯಬಲ್ಲ, ಜಾತ್ರೆಯನ್ನಲ್ಲ.

ಅದರ ಬದಲು ಲಾಂಚಾ ಎಂಬ ಚಿಕ್ಕ ದೋಣಿ ಹಿಡಿದು ನೋಡಿ. ಕೊಝುಮೆಲ್‌ನಲ್ಲಿ ಸೆಳವು ಜೋರು. ನೀವು ಸೆಳವಿನ ಜೊತೆ ತೇಲುತ್ತೀರಿ, ದೋಣಿ ಲಂಗರು ಹಾಕದೆ ಹಿಂದೆಯೇ ಬರುತ್ತದೆ. ಹೆದರಿದವರ ಕೈಗೆ ಗೈಡ್ ಒಂದು ಟ್ಯೂಬ್ ಕೊಟ್ಟು ತಾನೇ ಎಳೆದೊಯ್ಯುತ್ತಾನೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಹವಳಕ್ಕಾಗಿ ಅಲ್ಲದಿದ್ದರೂ ಅವರ ಜೀವಕ್ಕಾಗಿಯಾದರೂ ಇದನ್ನು ಯೋಚಿಸಬೇಡವೇ?

ಇನ್ನು ಕೊಝುಮೆಲ್‌ನದೇ ಎಲ್ ಸಿಯೆಲೊ. ಸೊಂಟಮಟ್ಟದ ನೀರು, ಬಿಳಿ ಮರಳು, ಮರಳ ಮೇಲೆ ದಪ್ಪ ನಕ್ಷತ್ರಮೀನುಗಳು. ಫೋಟೋಕ್ಕೆಂದು ಅವನ್ನು ನೀರಿನಿಂದ ಮೇಲೆತ್ತಿ ಹಿಡಿಯುವವರಿದ್ದಾರೆ. ನೀರಿನಲ್ಲೇ ಉಸಿರಾಡುವ ಪ್ರಾಣಿಯದು. ನಿಮ್ಮ ನಗು ಕ್ಯಾಮೆರಾಕ್ಕೆ ಸರಿಹೊಂದುವವರೆಗೆ ಅದು ಉಸಿರು ಕಟ್ಟಿಕೊಂಡಿರಬೇಕೇ?

ಕಡಲೇ ಬಿಸಿಯೇರುತ್ತಿರುವಾಗ ನನ್ನೊಬ್ಬನ ಒದೆತದಿಂದ ಏನಾದೀತು ಎಂದು ಕೇಳುವವರಿಗೆ ಒಂದು ಮಾತು. 2014ರಲ್ಲಿ ಮಯಾಮಿಯ ಬಳಿ ಕಾಣಿಸಿಕೊಂಡ ಹವಳದ ರೋಗ 2018ರಲ್ಲಿ ಮೆಕ್ಸಿಕೋದ ಈ ಕರಾವಳಿಗೆ ಬಂತು. 2019ರ ಅಕ್ಟೋಬರ್‌ನಲ್ಲಿ ಕೊಝುಮೆಲ್‌ನ ಪಲಂಕಾರ್, ಕೊಲಂಬಿಯಾ ದಿಬ್ಬಗಳನ್ನೂ ಎಲ್ ಸಿಯೆಲೊವನ್ನೂ ಕೆಲಕಾಲ ಮುಚ್ಚಬೇಕಾಯಿತು. 2023ರ ಬೇಸಿಗೆಯ ಬಿಸಿಗೆ ಕೆರಿಬಿಯನ್ ಉದ್ದಕ್ಕೂ ಹವಳ ಬಿಳಿಚಿತು. ಹೌದು, ದೊಡ್ಡ ಪೆಟ್ಟು ಬಿದ್ದಿರುವುದು ರೋಗದಿಂದ, ಬಿಸಿಯಿಂದಲೇ. ನಾವು ಹತ್ತಿ ಬಂದ ವಿಮಾನದ ಪಾಲೂ ಆ ಬಿಸಿಯಲ್ಲಿದೆ. ಹಾಗೆಂದು ಜ್ವರದಲ್ಲಿ ಮಲಗಿದವರ ಎದೆ ತುಳಿದುಕೊಂಡು ಹೋಗುವುದುಂಟೇ?

ಚಿಕ್ಕ ದೋಣಿಗೆ ಹಣ ಹೆಚ್ಚು, ನಿಜ. ಕಾಸಿಗೆ ತಕ್ಕ ಕಜ್ಜಾಯ. ದಿನಗಳನ್ನು ಕಡಿಮೆ ಮಾಡಿ, ಹೋಟೆಲಿನ ದರ್ಜೆ ಒಂದು ಮೆಟ್ಟಿಲು ಇಳಿಸಿ. ಚಿಕ್ಕದಾದ ಮಾತ್ರಕ್ಕೆ ಒಳ್ಳೆಯದೆಂದು ನಂಬಲೂ ಬೇಡಿ. ಮೀನಿಗೆ ಬ್ರೆಡ್ ಎಸೆಯುವ ಚಿಕ್ಕ ದೋಣಿಗಳೂ ಉಂಟು. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬುತೋಳಿನ ಈಜಂಗಿ ಹಾಕಿಕೊಳ್ಳಿ. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗಳನ್ನು ಅಮೆರಿಕದ ವರ್ಜಿನ್ ದ್ವೀಪಗಳು 2020ರಲ್ಲೂ ಬೊನೈರ್ 2021ರಲ್ಲೂ ನಿಷೇಧಿಸಿವೆ.

ಬುಕ್ ಮಾಡುವ ಮುನ್ನ ಫೋನಿನಲ್ಲಿ ಕೇಳಿ: ನೀರಿಗಿಳಿಯುವವರು ಎಷ್ಟು ಜನ, ನಮ್ಮೊಡನೆ ಇಳಿಯುವ ಗೈಡ್‌ಗಳು ಎಷ್ಟು, ಲಂಗರು ಎಲ್ಲಿ ಹಾಕುತ್ತೀರಿ? ಒಬ್ಬ ಗೈಡ್‌ಗೆ ಹತ್ತಕ್ಕಿಂತ ಹೆಚ್ಚು ಜನ ಎಂದರೆ ಫೋನ್ ಇಟ್ಟು ಬೇರೆ ದೋಣಿ ನೋಡಿ.