ಗುಜರಿಗೆ ಹೋಗುವ ಮುನ್ನ ಒಂದು ಅಳತೆ

ಭೀಮರಾಯನಗುಡಿ ಕ್ಯಾಂಪಿನ ರಸ್ತೆಯಲ್ಲಿ ನಿಂತು ಜೀಪು ಎಣಿಸುವುದು ನಮ್ಮ ಓರಗೆಯ ಹುಡುಗರಿಗೆ ಒಂದು ಆಟವಾಗಿತ್ತು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆ, ನಾರಾಯಣಪುರ ಎಡದಂಡೆ ಕಾಲುವೆಯಾಗಿ ನಮ್ಮ ಎರೆಹೊಲಗಳ ಬದಿಗೆ ಬಂದಾಗ, ನೀರಿಗಿಂತ ಮೊದಲು ಬಂದದ್ದು ಜೀಪು. ಮನೆಗೆ ಹೋಗಿ ಅದನ್ನೇ ಜೋಳದ ದಂಟಿನಲ್ಲಿ ಮಾಡುತ್ತಿದ್ದೆವು. ಸಿಪ್ಪೆ ಸುಲಿದು, ಒಳಗಿನ ಬೆಂಡು ಕೊಯ್ದು, ಸಿಪ್ಪೆಯ ಸೀಳನ್ನೇ ಮೊಳೆಯಂತೆ ಚುಚ್ಚಿ ಕೂಡಿಸುವುದು. ಹರಿದ ಹವಾಯಿ ಚಪ್ಪಲಿಯಲ್ಲಿ ಗಾಲಿ ಕತ್ತರಿಸುವುದು. ಹಿರಿಯರು ನಮಗೆ ಕಲಿಸಿದ್ದು ಬಂಡಿ ಮಾಡುವುದನ್ನು. ಆ ಬಂಡಿಗೆ ಬಾನೆಟ್ ಇಟ್ಟವರು ನಾವು.

ಈಗ ಅದೇ ಜೀಪುಗಳನ್ನು ಇನ್ನೊಂದು ಲೆಕ್ಕಕ್ಕೆ ಎಣಿಸುವ ಕಾಲ ಬಂದಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಚೇರಿಗಳ ಹಿಂದೆ, ಬೇವಿನ ಮರದ ಬುಡದಲ್ಲಿ ಟೈರು ಕೂತು ನಿಂತಿದ್ದ ಗಾಡಿಗಳಿಗೆ ಉಳಿದಿರುವ ದಾರಿ ಹರಾಜು, ಆಮೇಲೆ ಗ್ಯಾಸ್ ಕಟರ್. ನಿಯಮದಲ್ಲಿ ತಪ್ಪು ಹುಡುಕಲು ಹೋಗುವುದಿಲ್ಲ. ಹೊಗೆಯ ಲೆಕ್ಕ ಹೊಗೆಗೆ ಇದ್ದೇ ಇದೆ. ಆದರೆ ಗಾಡಿ ಹೋದ ಮೇಲೆ ಅದರ ಆಕಾರ ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಹಿಂತಿರುಗಿ ನೋಡುವ ಈ ಬರಹವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ: ನಮ್ಮ ದಾರಿಯಲ್ಲಿ ಓಡಿದ ಯಾವ ಹಳೆಯ ಗಾಡಿಗಳಿಗೆ, ಬಿಡಿಭಾಗ ಅಂಟಿಸಿ ಕಟ್ಟುವ ಮಾದರಿ ಕಿಟ್ ಬರಬೇಕು? ಯಾವುದು ಹೊಸದಾಗಿ, ಯಾವುದು ಮರುಮುದ್ರಣವಾಗಿ?

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹೋದವರ ಪಟ್ಟಿ ದೊಡ್ಡದು. 2014ರ ಜನವರಿಯಲ್ಲಿ ಮಾರುತಿ 800 ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಕಂಪನಿ ಕೊಂಡಿತು. 2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕೊನೆಯ ಪರ್ಮಿಟ್ ತೀರಿತು. ಬಂದದ್ದನ್ನೂ ಹೇಳಬೇಕು: 2023ರಲ್ಲೇ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ‘ಪಯಣ’ ಕಾರು ಸಂಗ್ರಹಾಲಯ ತೆರೆಯಿತು. ಅಲ್ಲಿಗೆ ಹೋದವರು ಗಾಡಿಯನ್ನು ಸುತ್ತಿ ನೋಡಿ ಬರಬಹುದು. ನಮ್ಮ ಶಹಾಪುರದ ಹುಡುಗನೊಬ್ಬ ಅದನ್ನು ಮನೆಯಲ್ಲಿ ಕೂತು ಕಟ್ಟಬೇಕೆಂದರೆ? ಇಷ್ಟು ವರ್ಷಗಳಲ್ಲಿ ನಾನು ಕಟ್ಟಿದ ಕಿಟ್‌ಗಳಲ್ಲಿ ಬ್ರಿಟನ್ನಿನ, ಜಪಾನಿನ, ಅಮೆರಿಕದ ಕಾರುಗಳಿವೆ. ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಮುಂದೆ ನಿಂತದ್ದನ್ನು ನಾನು ಕಂಡಿದ್ದ ಗಾಡಿ ಅವುಗಳಲ್ಲಿ ಒಂದೂ ಇಲ್ಲ.

ಈ ಕಸುಬಿನ ಒಂದು ಒಳಗುಟ್ಟು ತಿಳಿದಿರಬೇಕು. ಪ್ಲಾಸ್ಟಿಕ್ ಕಿಟ್‌ನಲ್ಲಿ ಪ್ಲಾಸ್ಟಿಕ್ ಅಗ್ಗ, ಅಚ್ಚು ದುಬಾರಿ. ಉಕ್ಕಿನ ಗಟ್ಟಿಯಲ್ಲಿ ಕಾರಿನ ಒಂದೊಂದು ಗೆರೆಯನ್ನೂ ತಿರುವುಮುರುವಾಗಿ ಕೊರೆಯಬೇಕು. ಒಮ್ಮೆ ಕೊರೆದರೆ ಅದು ದಶಕಗಟ್ಟಲೆ ಬಾಳುತ್ತದೆ. ಕಂಪನಿ ದಿವಾಳಿಯಾದರೂ ಅಚ್ಚು ಕೈಯಿಂದ ಕೈಗೆ ಹೋಗುತ್ತದೆ. 2006ರಲ್ಲಿ ಕಿಟ್ ಕಂಪನಿ ಏರ್‌ಫಿಕ್ಸ್ ಮುಳುಗುತ್ತಿದ್ದಾಗ ಹಾರ್ನ್‌ಬಿ ಅದನ್ನು ಕೊಂಡದ್ದು ಹೀಗೆಯೇ. ಅದಕ್ಕೂ ಮೊದಲು, 1960ರ ದಶಕದ ಕೊನೆಗೆ, ಡಿಂಕಿ ಆಟಿಕೆ ಕಾರುಗಳ ಹಳೆಯ ಅಚ್ಚುಗಳು ಹಡಗು ಹತ್ತಿ ಕಲ್ಕತ್ತೆಗೆ ಬಂದು, ಅಲ್ಲಿಂದ ‘ನಿಕಿ ಟಾಯ್ಸ್’ ಹೆಸರಲ್ಲಿ ಮತ್ತೆ ಕಾರುಗಳನ್ನು ಹೆತ್ತವು. ಹಾಗಾಗಿ ಮರುಮುದ್ರಣ ಸುಲಭ, ಹೊಸ ಕಿಟ್ ಕಷ್ಟ. ಸುಲಭದ್ದನ್ನು ಮೊದಲು ಕೇಳೋಣ.

ಮೊದಲನೆಯದು ಜೀಪು. ಯುದ್ಧಕಾಲದ ವಿಲ್ಲಿಸ್ ಜೀಪಿನ ಕಿಟ್‌ಗಳಿಗೆ ಬರವಿಲ್ಲ. ತಮಿಯಾದ 1:35 ಅಳತೆಯದು ಜಗತ್ತಿನ ತುಂಬ ಇದೆ. ಆದರೆ ಭೀಮರಾಯನಗುಡಿಯ ಜೀಪು ಅದಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿದ ಮಹೀಂದ್ರ, ಮುಂದೆ ದಶಕಗಳ ಕಾಲ ಮಾಡಿದ್ದು ಸಿಜೆ-3ಬಿ ಎಂಬ ತಳಿಯನ್ನು. ಎತ್ತರದ ಎಂಜಿನ್ ಹಿಡಿಸಲು ಅದರ ಬಾನೆಟ್ ಎತ್ತಿದ್ದರು. ಮುಂಭಾಗದ ಜಾಲರಿಯಲ್ಲಿ ಒಂಬತ್ತರ ಬದಲು ಏಳು ಸೀಳು. ಬದಿಯಿಂದ ನೋಡಿದರೆ ಎದೆ ಉಬ್ಬಿಸಿ ನಿಂತ ಹೋರಿಯಂತೆ ಕಾಣುತ್ತದೆ. ಯುದ್ಧದ ಜೀಪಿನ ಕಿಟ್ ತಂದು ಬಿಳಿ ಬಣ್ಣ ಬಳಿದು ಇದೇ ನಮ್ಮ ಇಲಾಖೆಯ ಜೀಪು ಅಂದರೆ ನನ್ನ ಕಣ್ಣು ಒಪ್ಪುವುದಿಲ್ಲ. ಹಳೆಯ ಅಚ್ಚಿನ ಜೊತೆಗೆ ಬಾನೆಟ್, ಜಾಲರಿ, ಕ್ಯಾನ್ವಾಸ್ ಟಾಪಿನ ಒಂದು ಸಣ್ಣ ಹೊಸ ಅಚ್ಚು ಸೇರಿಸಿದರೆ ಸಾಕು, ಗಾಡಿ ನಮ್ಮದಾಗುತ್ತದೆ.

ಹೆರಾಲ್ಡಿನ ಕಥೆಯೂ ಇಂಥದ್ದೇ. ಏರ್‌ಫಿಕ್ಸ್‌ನ 1:32 ಟ್ರಯಂಫ್ ಹೆರಾಲ್ಡ್ ಕಿಟ್ ಹಳೆಯದು, ಮರುಮುದ್ರಣವೂ ಆಗಿದೆ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಶುರುವಿಗೆ ಅದೇ ಎರಡು ಬಾಗಿಲಿನ ಕಾರು. ನಮ್ಮ ಮನೆಗಳಲ್ಲಿ ಅಜ್ಜಿ, ಸೊಸೆ, ಮೊಮ್ಮಕ್ಕಳು ಎಲ್ಲರೂ ಹತ್ತಿ ಇಳಿಯಬೇಕಲ್ಲ. ಮದರಾಸಿನವರು 1968ರ ಹೊತ್ತಿಗೆ ಅದಕ್ಕೆ ನಾಲ್ಕು ಬಾಗಿಲು ಇಟ್ಟರು. ಹುಟ್ಟಿದ ನಾಡಿನಲ್ಲೇ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತದಲ್ಲಿ ಓಡಿತು. ಆ ಕಿಟ್ ಮತ್ತೆ ಬರುವುದಾದರೆ ನಾಲ್ಕು ಬಾಗಿಲಿನ ಮೈಕಟ್ಟನ್ನೂ ಜೊತೆಗೆ ಕೊಡಲಿ.

ಇನ್ನು ಹೊಸ ಕಿಟ್. ಇಲ್ಲಿ ನನ್ನ ತೀರ್ಪು ನೇರ: ಮೊದಲ ಹಕ್ಕು ಅಂಬಾಸಿಡರಿನದು. ಅದೂ 1:24ರಲ್ಲಿ, ಎಂಜಿನ್ ಸಮೇತ. ಕಾರಿನ ಉದ್ದ ಸುಮಾರು 4.3 ಮೀಟರ್, 1:24ರಲ್ಲಿ ಅದು 18 ಸೆಂಟಿಮೀಟರ್, ಅಂಗೈಯಿಂದ ಬೆರಳ ತುದಿ ತನಕ. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯಿಂದ ಬಂದ ಈ ಕಾರು ಐವತ್ತಕ್ಕೂ ಹೆಚ್ಚು ವರ್ಷ ಮೈ ಬದಲಿಸದೆ ಮುಖ ಮಾತ್ರ ಬದಲಿಸಿತು. ಮಾರ್ಕ್ 1, ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ, ಆಮೇಲೆ 1992ರಲ್ಲಿ ಇಸುಜು ಎಂಜಿನ್ ಹಾಕಿದ 1800. ಕಿಟ್ ಮಾಡುವವರಿಗೆ ಇದಕ್ಕಿಂತ ಅನುಕೂಲದ ಕಾರು ಇನ್ನೊಂದಿಲ್ಲ: ಮೈಗೆ ಒಂದೇ ಅಚ್ಚು, ಜಾಲರಿ ಮತ್ತು ಲೈಟುಗಳಿಗೆ ಬೇರೆ ಬೇರೆ ಸಣ್ಣ ಅಚ್ಚು. ಒಂದು ಅಚ್ಚಿನಿಂದ ಆರು ಕಿಟ್.

ಆದರೆ ಅದರ ಮೈ ಹಿಡಿಯುವುದು ಕಷ್ಟ. ಸಂತೆಯಲ್ಲಿ, ಜಾತ್ರೆಯಲ್ಲಿ ಅಂಬಾಸಿಡರ್ ಆಟಿಕೆಗಳನ್ನು ಬಹಳ ಕೊಂಡಿದ್ದೇನೆ. ಬಹಳಷ್ಟರಲ್ಲಿ ಛಾವಣಿ ಚಪ್ಪಟೆ, ಇಲ್ಲವೇ ಬೆನ್ನು ಗೂನು. ಶಹಾಪುರದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನಮ್ಮ ಊರ ಗುಡ್ಡಗಳ ಸಾಲು ಸರಿಯಾದ ಜಾಗದಲ್ಲಿ ನಿಂತು ನೋಡಿದಾಗ ಮಲಗಿದ ಬುದ್ಧ; ನಾಲ್ಕು ಹೆಜ್ಜೆ ಅತ್ತಿತ್ತ ಸರಿದರೆ ಬರೀ ಕಲ್ಲುಬಂಡೆ. ಅಂಬಾಸಿಡರಿನ ಛಾವಣಿಯಿಂದ ಡಿಕ್ಕಿಗೆ ಇಳಿಯುವ ಗೆರೆಯೂ ಹಾಗೆಯೇ. ಅದು ಕೂದಲೆಳೆಯಷ್ಟು ತಪ್ಪಿದರೂ ಡಿಸಿ ಸಾಹೇಬರ ಕಾರು ಮಾಯವಾಗಿ ಯಾವುದೋ ಕಾರು ಉಳಿಯುತ್ತದೆ.

ಕಿಟ್‌ನೊಳಗಿನ ಡಿಕಾಲ್ ಹಾಳೆಯ, ಅಂದರೆ ಮೈಗೆ ಅಂಟಿಸುವ ಅಕ್ಷರ-ಗುರುತುಗಳ ಹಾಳೆಯ ಬಗ್ಗೆಯೂ ಹಟ ಹಿಡಿಯುತ್ತೇನೆ. ಅದರಲ್ಲಿ ‘ಕರ್ನಾಟಕ ಸರ್ಕಾರ’ ಎಂಬ ಫಲಕ ಕನ್ನಡದಲ್ಲಿರಬೇಕು. ಕಲಬುರಗಿಯ ಕೆಎ 32, ಯಾದಗಿರಿ ಜಿಲ್ಲೆಯಾದ ಮೇಲಿನ ಕೆಎ 33 ಎರಡೂ ಇರಬೇಕು. ಕೆಂಪು ಗೂಟದ ದೀಪ ಬೇರೆ ಬಿಡಿಭಾಗವಾಗಿ ಬರಲಿ. ಆ ದೀಪ ನಿಷೇಧವಾದ 2017ರ ಮೇ 1ರ ನಂತರದ ಕಾರು ಕಟ್ಟುವವರು ಅದನ್ನು ಅಂಟಿಸದೆ ಬಿಡಲಿ.

ಎರಡನೆಯ ಹೊಸ ಕಿಟ್ ಯಾವುದಿರಬೇಕು ಎಂದರೆ ಹೆಚ್ಚಿನವರು ಪದ್ಮಿನಿ ಅನ್ನುತ್ತಾರೆ. ನಾನು ಆ ಜಾಗವನ್ನು ಬೆಂಗಳೂರಿನ ಸಿಪಾನಿ ಡಾಲ್ಫಿನ್‌ಗೆ ಕೊಡುತ್ತೇನೆ. ಕನ್ನಡ ನಾಡಿನಲ್ಲಿ ಕಾರು ಮಾಡಲು ಹೊರಟವರ ಧೈರ್ಯ ಆ ಪುಟ್ಟ ಗಾಡಿಯಲ್ಲಿದೆ. 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಕಾರು ಮಾಡಿದ ಅದೇ ಮನೆಯವರು, 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧಾರವಾಗಿಟ್ಟುಕೊಂಡು ಡಾಲ್ಫಿನ್ ತಂದರು. 848 ಸಿಸಿ ಎಂಜಿನ್, ಎರಡು ಬಾಗಿಲು, ಫೈಬರ್‌ಗ್ಲಾಸ್ ಮೈ. ಮರುವರ್ಷ ಡಿಸೆಂಬರ್ 14ಕ್ಕೆ ಮಾರುತಿ 800 ರಸ್ತೆಗಿಳಿಯಿತು. ಡಾಲ್ಫಿನ್ ಅದರ ಮುಂದೆ ನಿಲ್ಲಲಿಲ್ಲ. ರ್‍ಯಾಲಿಗಳಲ್ಲಿ ಮಾತ್ರ ಹಗುರ ಮೈಯ ಆ ಗಾಡಿ ಚೆನ್ನಾಗಿ ಓಡಿತು. ಫೈಬರ್ ಮೈಗೆ ತುಕ್ಕಿಲ್ಲ ನಿಜ, ಗುಜರಿಯಲ್ಲಿ ಬೆಲೆಯೂ ಇಲ್ಲ. ಉಕ್ಕಿನ ಕಾರಿಗೆ ತೂಕದ ಲೆಕ್ಕದಲ್ಲಾದರೂ ಒಬ್ಬ ಗಿರಾಕಿ ಇರುತ್ತಾನೆ. ಡಾಲ್ಫಿನ್ ಒಡೆದರೆ ತಿಪ್ಪೆಗೇ. ಅದಕ್ಕೇ ಅದರ ಅಳತೆ ತುರ್ತು.

ಅದರ ಪಕ್ಕದಲ್ಲೇ ರೇವಾ ನಿಲ್ಲಲಿ. 2001ರಲ್ಲಿ ಬೆಂಗಳೂರಿನಿಂದ ಹೊರಟ ಈ ವಿದ್ಯುತ್ ಕಾರು ಲಂಡನ್ನಿನ ಬೀದಿಗಳಲ್ಲೂ ಓಡಿತು. ಉಕ್ಕಿನ ಪಂಜರ, ಅದರ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಹಾಳೆಗಳು: ನಿಜವಾದ ಕಾರೇ ಒಂದು ದೊಡ್ಡ ಕಿಟ್‌ನಂತೆ. 1:24ರಲ್ಲಿ 11 ಸೆಂಟಿಮೀಟರ್ ಕೂಡ ಮೀರುವುದಿಲ್ಲ. ಮೊದಲ ಸಲ ಅಂಟು ಹಿಡಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಪದ್ಮಿನಿಗೆ ಮೂರನೆಯ ಜಾಗ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಗೆಂದು ಯೋಜನೆ ಹಿಡಿದು ಅಮೆರಿಕ, ಯುರೋಪು ಸುತ್ತಿ ಬಂದರು; ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಅದು ಮೈಸೂರು ಸೀಮೆಯಲ್ಲಿ ಕೈಗೂಡಲಿಲ್ಲ. ವಾಲ್‌ಚಂದರ ಕೈಯಲ್ಲಿ ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂತು, ಮೋಟಾರು 1944ರಲ್ಲಿ ಮುಂಬೈಯ ಪ್ರೀಮಿಯರ್ ಆಯಿತು. ಫಿಯಟ್ 1100 ಡಿ ಆಗಿ ಬಂದು 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಕಾರಿನ ಬೇರು ಹಾಗೆ ನಮ್ಮ ನೆಲಕ್ಕೂ ತಾಗಿದೆ. ಮಾರುತಿ 800, ಕಾಂಟೆಸ್ಸಾ ಬಂದರೆ ಸಂತೋಷ; ಅವಕ್ಕೆ ಅಭಿಮಾನಿಗಳ ಕೊರತೆಯಿಲ್ಲ, ನನ್ನ ಶಿಫಾರಸು ಬೇಡ.

ನಿಜಾಮರ ಕಾರಿನ ಮಾತು ಎತ್ತುವವರು ನಮ್ಮ ಭಾಗದಲ್ಲಿ ಇದ್ದೇ ಇರುತ್ತಾರೆ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ಬಣ್ಣದ ಸಿಂಹಾಸನದ ರೋಲ್ಸ್ ರಾಯ್ಸ್ ಚೆಲುವಾದದ್ದೇ. ಆದರೆ ಅದಕ್ಕೆ ಅರಮನೆ ಇದೆ, ಗಾಜು ಇದೆ, ಕಾವಲು ಇದೆ. ಆ ಕಾಲದಿಂದ ಒಂದನ್ನು ಆರಿಸಬೇಕಾದರೆ ನಾನು ಬಸ್ಸು ಆರಿಸುತ್ತೇನೆ. 1932ರ ಜೂನ್‌ನಲ್ಲಿ ನಿಜಾಮ ಸರ್ಕಾರ 27 ಬಸ್ಸು, 166 ಸಿಬ್ಬಂದಿಯೊಡನೆ ರಸ್ತೆ ಸಾರಿಗೆ ಆರಂಭಿಸಿತು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ನಮಗೆ ಇಂದಿನ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಮೂಲಪುರುಷ ಅದೇ. ಆ ಕಾಲದ ಒಂದು ಆಲ್ಬಿಯನ್ ಹೈದರಾಬಾದಿನಲ್ಲಿ ಉಳಿದಿದೆ. ಅಳೆಯಲು ಗಾಡಿ ಸಿಗುತ್ತದೆ ಎಂದಾದರೆ ಕಿಟ್‌ನ ಅರ್ಧ ಕೆಲಸ ಆದಂತೆ.

ಕಾರು ಮಾತ್ರ ಕ್ಲಾಸಿಕ್ ಎಂಬ ಮಾತನ್ನು ನಾನು ಒಪ್ಪದಿರಲು ಇನ್ನೊಂದು ಕಾರಣ ಮೆಟಡೋರ್ ಮತ್ತು ಕ್ರೂಸರ್. ಮದುವೆ ದಿಬ್ಬಣ ಹೊತ್ತದ್ದು ಮೆಟಡೋರ್. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ, ಕೂಸುಕುನ್ನಿ ಸಮೇತ ಬೆಂಗಳೂರಿಗೆ ಗುಳೆ ಹೊರಟವರನ್ನು ಹೊತ್ತದ್ದು ಕ್ರೂಸರ್. 1980ರ ದಶಕದ ಕೊನೆಗೆ ಬಜಾಜ್ ಟೆಂಪೊ ತಂದ ಟ್ರ್ಯಾಕ್ಸ್ ಗಾಡಿಯ ಕುಲದ್ದು ಅದು. ಮೇಲಿನ ಕ್ಯಾರಿಯರ್ ಮೇಲೆ ಕಟ್ಟಿದ ಕೌದಿ, ಕೊಡ, ಜೋಳದ ಚೀಲ ಬಿಡಿಭಾಗಗಳಾಗಿ ಬಾರದೆ ಹೋದರೆ ಆ ಕಿಟ್ ಅಪೂರ್ಣ. ಜಗತ್ತಿನ ಕಿಟ್ ಕಂಪನಿಗಳು ಸೈನಿಕರ ಹಾಸಿಗೆ ಸುರುಳಿಯನ್ನೂ ನೀರಿನ ಡಬ್ಬಿಯನ್ನೂ ಎಷ್ಟು ಶ್ರದ್ಧೆಯಿಂದ ಮಾಡಿವೆ. ನಮ್ಮವರ ಗಂಟಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು.

ಯಾರು ಮಾಡಬೇಕು? ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನ ಕಿಟ್ ಈಗ ನಮ್ಮ ಹುಡುಗರ ಕೈಗೆ ಎಟುಕುವುದಿಲ್ಲ. ಅದೇ ಹೊತ್ತಿಗೆ, ಸುರಪುರ, ಲಿಂಗಸುಗೂರು ದಾಟಿ ಅರ್ಧ ದಿನದ ಹಾದಿಯಲ್ಲಿ, ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ಯುವ ಯಂತ್ರಗಳು ಕಲ್ಯಾಣ ಕರ್ನಾಟಕದೊಳಗೇ ಬಂದಿವೆ. ಅದೇ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರಕ್ಕೆ ಬಣ್ಣ ಕಟ್ಟುವ ಕೈಗಳಿವೆ. ಸುರಪುರದಲ್ಲಿ ಕೂದಲಿನಷ್ಟು ಸಣ್ಣ ಗೆರೆ ಎಳೆದ ಗರುಡಾದ್ರಿ ಚಿತ್ರಕಾರರ ಪರಂಪರೆ ಇದೆ. ಅಚ್ಚಿಗೆ ಮೂಲ ಮಾದರಿ ಕೆತ್ತುವವರು, ಡಿಕಾಲಿನ ಅಕ್ಷರ ಬರೆಯುವವರು ಇಲ್ಲಿಯೇ ಸಿಗುತ್ತಾರೆ.

ಉಕ್ಕಿನ ಅಚ್ಚಿಗೆ ಹಣ ಕೂಡಲು ವರ್ಷಗಳು ಬೇಕಾಗಬಹುದು. ಅಳತೆಗೆ ಒಂದು ಟೇಪು, ಒಂದು ಕ್ಯಾಲಿಪರ್, ಒಂದು ಭಾನುವಾರ ಸಾಕು. ಹರಾಜಿಗೆ ಇಟ್ಟ ಒಂದು ಅಂಬಾಸಿಡರನ್ನು ಅನುಮತಿ ಕೇಳಿ ನಾನು ಮತ್ತು ಇಬ್ಬರು ಐಟಿಐ ಹುಡುಗರು ಅಳೆಯಲು ಹಿಡಿದಿದ್ದೇವೆ. ಗಾಲಿಯ ನಡುವಿನ ದೂರ, ಗಾಜಿನ ಓರೆ, ಹಿಡಿಕೆಯ ದಪ್ಪ, ಛಾವಣಿಯ ಬಾಗು ಎಲ್ಲವೂ ಒಂದು ಲೆಕ್ಕದ ಪುಸ್ತಕದಲ್ಲಿ ಏರಿವೆ. ಛಾವಣಿಯ ಬಾಗು ಹಿಡಿಯಲು ತಂತಿ ಬಗ್ಗಿಸಿ, ಅದನ್ನು ಹಾಳೆಯ ಮೇಲೆ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದೆವು. ಡಿಕ್ಕಿಯ ಇಳಿಜಾರು ಬಾಕಿ ಇದೆ. ಮುಂದಿನ ಭಾನುವಾರದ ತನಕ ಗಾಡಿ ಅಲ್ಲಿ ಇರುತ್ತದೆಂದು ಕಾವಲುಗಾರ ಹೇಳಿದ್ದಾರೆ.